ನಡುಕದ ಗುಳಿ

ನಮ್ಮೂರಿನಲ್ಲಿ ಯಾರನ್ನಾದರೂ ಹೊಗಳಬೇಕಾದರೆ 'ಅವನಿಗೇನು ಬಿಡಿ, ಮಾಡೋಕೆ ಕೆಲಸವೇ ಇಲ್ಲ' ಅನ್ನುತ್ತಾರೆ. ಬೈಯಬೇಕಾದರೆ 'ಅವಳಿಗೆಲ್ಲಿದೆ ಪುರುಸೊತ್ತು' ಅನ್ನುತ್ತಾರೆ. ನನ್ನ ಹೆಸರು ಪಂಕಜಾಕ್ಷಿ. ಊರಿನವರ ಬಾಯಲ್ಲಿ ಪುರುಸೊತ್ತಿಲ್ಲದ ಪಂಕಜಿ. ಇದಕ್ಕಿಂತ ಕೆಟ್ಟ ಬೈಗುಳ ನಮ್ಮೂರಿನಲ್ಲಿಲ್ಲ. ಮಕ್ಕಳು ಜಗಳದಲ್ಲಿ ಒಬ್ಬರಿಗೊಬ್ಬರು 'ಲೇ ಪಂಕಜಿ' ಅಂದುಕೊಂಡರೆ ಹೊಡೆದಾಟವೇ ಆಗಿಬಿಡುತ್ತದೆ.

ಸುಮ್ಮನೆ ಕೂತ ತಲೆಗೆ ನಮ್ಮೂರಿನಲ್ಲಿ ಕೆಲಸ ಬರುತ್ತದೆ. ಎಲ್ಲಿಯದೋ ದೂರದ ಜನ. ನಾವು ಅವರನ್ನು ಕಂಡಿಲ್ಲ, ಅವರೂ ನಮ್ಮನ್ನು ಕಂಡಿಲ್ಲ. ಅವರ ದೊಡ್ಡ ದೊಡ್ಡ ಲೆಕ್ಕಗಳು ಚೂರು ಚೂರಾಗಿ ಬಂದು, ಜಗಲಿಯ ಮೇಲೆ ಕಾಲು ಚಾಚಿದವರ, ಊಟ ಮಾಡಿ ಗೋಡೆಗೆ ಒರಗಿದವರ, ಬಸ್ಸು ಕಾಯುತ್ತ ಆಕಾಶ ನೋಡುವವರ ತಲೆಗೆ ಇಳಿಯುತ್ತವೆ. ಕೂತವರಿಗೆ ಏನೂ ತಿಳಿಯುವುದಿಲ್ಲ. ಚೂರು ಮುಗಿದ ಕೂಡಲೇ ಬಾಯ್ತುಂಬ ಆಕಳಿಕೆ ಬರುತ್ತದೆ, ಅಷ್ಟೆ. ಆಗ ಪಕ್ಕದಲ್ಲಿದ್ದವರು ಆ ಬಾಯಿಯ ಮುಂದೆ ಚಿಟಿಕೆ ಹೊಡೆದು 'ಮುಗೀತಾ?' ಅನ್ನಬೇಕು. ಆಕಳಿಸಿದವರು 'ಮುಗೀತು' ಅನ್ನಬೇಕು. ಚೂರು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ತನ್ನ ಆಕಳಿಕೆಗೆ ತಾನೇ ಚಿಟಿಕೆ ಹೊಡೆದುಕೊಂಡರೆ ನಡೆಯುವುದಿಲ್ಲ. ಚಿಟಿಕೆ ಬೀಳದ ಆಕಳಿಕೆ ದಂಡ. ಅದಕ್ಕೇ ನಮ್ಮೂರಿನಲ್ಲಿ ಮಧ್ಯಾಹ್ನ ಯಾರೂ ಒಬ್ಬೊಬ್ಬರೇ ಮಲಗುವುದಿಲ್ಲ. ಹೊಸದಾಗಿ ಬಂದ ನೆಂಟರು ಇದನ್ನು ಕಂಡು ಏನೇನೋ ತಿಳಿದುಕೊಳ್ಳುತ್ತಾರೆ.

ನಮ್ಮ ಯಜಮಾನರು ಊರಿಗೇ ಹೆಸರಾದ ದುಡಿಮೆಗಾರರು. ಅಂದರೆ, ಕೂತಲ್ಲಿಂದ ಏಳುವುದಿಲ್ಲ. ಅವರು ಜಗಲಿಯ ಕಂಬಕ್ಕೆ ಒರಗಿದರೆ ಸಂಜೆಯವರೆಗೆ ಆಕಳಿಕೆಯ ಮೇಲೆ ಆಕಳಿಕೆ. ಎದುರು ಮನೆಯವರು ಚಿಟಿಕೆ ಹೊಡೆದು ಹೊಡೆದು ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಊರಿನವರು ಕರೆದು ಶಾಲು ಹೊದಿಸಿದ್ದಾರೆ. ಅದನ್ನೇ ಹೊದ್ದು ಇನ್ನಷ್ಟು ಮಲಗುತ್ತಾರೆ. ನಾನೋ, ಎದ್ದರೆ ನೀರು, ಕಸ, ಒಲೆ, ಒಗೆತ, ಹಪ್ಪಳ, ಪಕ್ಕದ ಮನೆಯ ಜಗಳ, ಎದುರು ಮನೆಯ ಬಾಣಂತಿ. ಕೂತರೆ ನೆಲ ಕಚ್ಚಿದ ಹಾಗಾಗುತ್ತದೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಒಂದೇ ಒಂದು ಸಲವೂ ಆಕಳಿಸಿದವಳಲ್ಲ, ಜ್ವರ ಬಂದು ಮಲಗಿದಾಗಲೂ ಇಲ್ಲ. 'ಅಂಥಾ ಗಂಡನಿಗೆ ಇಂಥಾ ದಂಡಪಿಂಡ ಗಂಟುಬಿದ್ದಿದಾಳಲ್ಲಪ್ಪಾ' ಅಂತ ನನ್ನ ಬೆನ್ನ ಹಿಂದೆ ಆಡಿಕೊಳ್ಳುವವರ ಮನೆಯ ಹಪ್ಪಳ ಒತ್ತಿಕೊಟ್ಟವಳೂ ನಾನೇ. ಇರಲಿ.

ಯಾವ ಕೆಲಸಕ್ಕೆ ಎಷ್ಟು ಪುರುಸೊತ್ತು ಅನ್ನುವುದನ್ನು ತೀರ್ಮಾನಿಸುವುದು ಅಳಗುಳಿಮಣೆ. ಬೇರೆ ಊರುಗಳಲ್ಲಿ ಅದರ ಮೇಲೆ ಆಟ ಆಡುತ್ತಾರಂತೆ. ನಮ್ಮೂರಿನಲ್ಲಿ ಆಡಿದರೆ ಕೈ ಮುರಿಯುತ್ತಾರೆ. ಒಂದೊಂದು ಗುಳಿ ಒಂದೊಂದು ಕೆಲಸಕ್ಕೆ. ಕೆರೆ ಏರಿಯ ಹುಣಸೆಮರ ಬಡಿದು ಹಣ್ಣು ಬಿಡಿಸಿದ ಮೇಲೆ ಮನೆಮನೆಗೂ ಒಂದು ಹಿಡಿ ಬೀಜ ಸಿಗುತ್ತದೆ. ಮನೆಯ ಹೆಂಗಸು ಅದನ್ನು ಗುಳಿಗಳಿಗೆ ಹಂಚುತ್ತಾಳೆ. ಬೇಕೆಂದಾಗ ಒಂದರಿಂದ ತೆಗೆದು ಇನ್ನೊಂದಕ್ಕೂ ಹಾಕಬಹುದು. ಹೆಚ್ಚು ಬೀಜ ಬಿದ್ದ ಕೆಲಸಕ್ಕೆ ಆ ಮನೆಯ ತಲೆಗಳು ಹೆಚ್ಚು ದುಡಿಯುತ್ತವೆ. ಬೀಜವಿಲ್ಲದ ಗುಳಿಯ ಕೆಲಸ ಆ ಮನೆಯ ಹೊಸಿಲು ದಾಟುವುದಿಲ್ಲ. ಕೆಲಸ ಸಾಗಿದ ಹಾಗೆ ಬೀಜ ಉಬ್ಬುತ್ತದೆ. ಪೂರ್ತಿ ಮುಗಿದಾಗ ಆ ಗುಳಿಯ ಬೀಜ ಎಲ್ಲರ ಮನೆಯಲ್ಲೂ ಮೊಳೆತು, ಮರುದಿನ ಬೆಳಗ್ಗೆ ಉತ್ತರ ಇಡೀ ಊರಿನ ಬಾಯಿಗೆ ಬಂದುಬಿಡುತ್ತದೆ. ಮುಂದಿನ ಸಲ ಮರ ಬಡಿಯಲು ಶುರುಮಾಡುವಷ್ಟರಲ್ಲಿ ಮೊಳೆಯದ ಬೀಜವನ್ನು ಗುಡಿಸಿ ಕೆರೆಗೆ ಹಾಕುತ್ತೇವೆ. ಆ ಕೆಲಸ ಮತ್ತೆ ಬರುವುದಿಲ್ಲ. ಮಣೆಯ ಮೇಲೆ ಸದಾ ಒಂದು ಬಟ್ಟೆ ಮುಚ್ಚಿರುತ್ತದೆ. ಇನ್ನೊಬ್ಬರ ಮನೆಯ ಮಣೆ ಇಣುಕುವುದೂ ಒಂದೇ, ಬಚ್ಚಲು ಇಣುಕುವುದೂ ಒಂದೇ.

ಬೀಜ ತೊಳೆಯುವಾಗ ಆ ವರ್ಷದ ಕೆಲಸಗಳ ಹೆಸರು ಕಿವಿಗೆ ಬೀಳುತ್ತದೆ. ಅದೂ ಎಂಥ ಹೆಸರು, ಹರಿಕಥೆ ದಾಸರಿಗೂ ನಾಲಿಗೆ ತೊಡರಬೇಕು. ಮತ್ಸ್ಯಸಂಭಾಷಣೆ, ಕದಳೀವ್ಯಾಧಿ, ಅನಂತಸಂಖ್ಯೆ, ತಾರಾಕಂಪನ. ನಾವು ಅವನ್ನು ಮೀನಿನ ಮಾತು, ಬಾಳೆ ಸೀಕು, ಮುಗಿಯದ ಲೆಕ್ಕ ಅಂತ ನಮ್ಮ ಬಾಯಿಗೆ ಹೊಂದಿಸಿಕೊಳ್ಳುತ್ತೇವೆ. ಮುಗಿಯದ ಲೆಕ್ಕ ಅಂದರೆ ನಮ್ಮ ಯಜಮಾನರಿಗೆ ಪ್ರಾಣ. ಕೆರೆಗೆ ಹಾಕಿದರೂ ನಾಚಿಕೆಯಿಲ್ಲದೆ ಪ್ರತಿವರ್ಷ ತಿರುಗಿ ಬರುವುದು ಅದೊಂದೇ. 'ಅದು ಮುಗಿಯಲ್ಲ ಕಣೇ, ಅದಕ್ಕೇ ಅವಸರವೂ ಇಲ್ಲ' ಅನ್ನುತ್ತಾರೆ. ತಾರಾಕಂಪನ ಅಂದರೆ ಹಿಟ್ಟಿನ ಮಿಲ್ಲಿನ ಮೃತ್ಯುಂಜಯಪ್ಪನವರಿಗೆ ಪ್ರಾಣ. ಅವರಿಗೆ ನಕ್ಷತ್ರದ ಹುಚ್ಚು. ರಾಗಿ ಬೀಸಿಸಲು ಹೋದ ಹೆಂಗಸರನ್ನೆಲ್ಲ ಹಿಡಿದು ನಿಲ್ಲಿಸಿ, 'ಬಾಳೆ ಸೀಕು ಇವತ್ತಲ್ಲ ನಾಳೆ ವಾಸಿ ಆಗುತ್ತೆ ತಾಯಿ, ನಕ್ಷತ್ರ ನಮ್ಮನ್ನ ಕಾಯುತ್ತಾ?' ಅನ್ನುತ್ತಿದ್ದರು.

'ಕಾಯದೆ ಎಲ್ಲಿಗೆ ಹೋಗುತ್ತೆ? ನಮ್ಮಜ್ಜಿ ಕಾಲದಿಂದ ಅಲ್ಲೇ ಬಿದ್ದಿದೆ. ಬಾಳೆಗಿಡ ಕಾಯುತ್ತಾ?' ಅಂತ ನಾನು ಕೇಳಿದರೆ, ಹಿಟ್ಟಿನ ಕೈಯನ್ನು ಒದರಿ, 'ಪುರುಸೊತ್ತಿಲ್ಲದೋರಿಗೆ ಆಕಾಶ ಎಲ್ಲಿ ಕಾಣಬೇಕು' ಅಂತ ಚುಚ್ಚುತ್ತಿದ್ದರು.

ಇನ್ನು ದಾಕ್ಷಾಯಿಣಕ್ಕ. ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡ ಮೇಲೆ ಒಂದೇ ಒಲೆ. ಓರಗಿತ್ತಿಯರು ಅಂದರೆ ಎಣ್ಣೆ ಸೀಗೆಕಾಯಿ ಅನ್ನುತ್ತಾರಲ್ಲ, ನಾವೂ ಹಾಗೇ ಇದ್ದೆವು. ಎರಡೂ ಇಲ್ಲದೆ ಅಭ್ಯಂಜನ ಆಗುವುದಿಲ್ಲ ಅನ್ನುವುದು ಆಮೇಲೆ ಇಬ್ಬರಿಗೂ ತಿಳಿಯಿತು. ಈ ಊರಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳು ಹೊಲಿದ ಕುಂಚಿಗೆ ತೊಟ್ಟೇ ಬೆಳೆದವು. ತಲೆಗೆ ಟೋಪಿ, ಬೆನ್ನಿಗೆ ಹೊದಿಕೆ, ಅಂಚಿಗೆ ಸಣ್ಣ ಸಣ್ಣ ಗುಬ್ಬಿ. ಒಂದು ಗುಬ್ಬಿಯಂತೆ ಇನ್ನೊಂದಿಲ್ಲ.

ಅವಳ ಕೈ ನಡುಗಲು ಶುರುವಾಯಿತು. ಮೊದಲು ಕಾಫಿ ಲೋಟದಲ್ಲಿ ಕಂಡಿತು, ಆಮೇಲೆ ಸೂಜಿಯಲ್ಲಿ. ದಾರ ಪೋಣಿಸಲು ಕೂತರೆ ಸೂಜಿಯ ಕಣ್ಣು ಒಂದು ಕಡೆ, ದಾರ ಇನ್ನೊಂದು ಕಡೆ. ಡಾಕ್ಟರು ಮಾತ್ರೆ ಕೊಟ್ಟರು. ಬಾಯಿಗೆ ಹೋಗುವಷ್ಟರಲ್ಲಿ ಅದು ನೆಲದ ಮೇಲೆ. ಸೊಸೆ ಬಸುರಿಯಾದಳೆಂದು ಮೃತ್ಯುಂಜಯಪ್ಪನವರು ಕುಂಚಿಗೆಗೆ ಕೆಂಪು ಬಟ್ಟೆ ತಂದುಕೊಟ್ಟು ಹೋಗಿದ್ದರು. ಅದು ಪೆಟ್ಟಿಗೆಯಲ್ಲೇ ಇತ್ತು. ಆದರೆ ಅಕ್ಕನಿಗೆ ಇದೆಲ್ಲಕ್ಕಿಂತ ನೋವು ತಂದದ್ದು ಚಿಟಿಕೆ. ಹೆಬ್ಬೆರಳೂ ನಡುಬೆರಳೂ ಒಂದನ್ನೊಂದು ಮುಟ್ಟುವಷ್ಟರಲ್ಲಿ ಜಾರಿಹೋಗುತ್ತಿದ್ದವು. ತನ್ನ ಕೈಯಿಂದ ಯಾರ ದುಡಿಮೆಯೂ ದಂಡವಾಗಬಾರದು ಅಂತ, ಪಕ್ಕದಲ್ಲಿ ಯಾರಾದರೂ ಬಾಯಿ ತೆರೆಯುವ ಮುಂಚೆಯೇ 'ಹಾಲು ಉಕ್ಕುತ್ತೆ' ಅಂತ ಎದ್ದು ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಹಾಲೇ ಇರುತ್ತಿರಲಿಲ್ಲ. ಮೆಲ್ಲಮೆಲ್ಲಗೆ ಜಗಲಿಗೆ ಬರುವುದನ್ನೇ ಬಿಟ್ಟು ನಡುಮನೆಯಲ್ಲಿ ಒಬ್ಬಳೇ ಕೂರತೊಡಗಿದಳು.

ಆ ವರ್ಷ ಬೀಜ ತೊಳೆಯುವಾಗ ಈ ಹೆಸರುಗಳ ಕೊನೆಯಲ್ಲಿ ಇನ್ನೊಂದು ಹೆಸರು ಕಿವಿಗೆ ಬಿತ್ತು. ಹಸ್ತಕಂಪನ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎಲ್ಲೋ ಯಾರೋ ಕೈ ನಡುಗುವುದು ಯಾತಕ್ಕೆಂದು ಲೆಕ್ಕ ಹಾಕುತ್ತಿದ್ದಾರೆ! ಕಾರಣ ಸಿಕ್ಕರೆ ಮದ್ದಿಗೆ ದಾರಿ ಸಿಗುತ್ತದೆ. ನಾನು ಇಡೀ ಹಿಡಿ ಬೀಜವನ್ನು ಕೆಳಸಾಲಿನ ಕೊನೆಯ ಆ ಗುಳಿಗೆ ಸುರಿದೆ. ಯಜಮಾನರ ಮುಗಿಯದ ಲೆಕ್ಕಕ್ಕೆ ಒಂದು ಬೀಜವನ್ನೂ ಬಿಡಲಿಲ್ಲ. ಅವರು ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ಆದರೆ ಎಷ್ಟು ಮಲಗಿದರೂ ಒಬ್ಬ ಗಂಡಸಿನಿಂದ ಮುಗಿಯುವ ಕೆಲಸವೇ ಅದು? ಊರಿಗೆ ಊರೇ ಕೈಹಾಕಬೇಕು.

'ನಾಳೆಯೇ ಮನೆಮನೆಗೂ ಹೋಗಿ ಹೇಳ್ತೀನಿ' ಅಂದೆ.

'ಏನಂತ ಹೇಳ್ತೀಯಾ?' ಅಕ್ಕ ಕೇಳಿದಳು.

'ನಿನ್ನ ಕೈ...'

'ನನ್ನ ಕೈ ಸುದ್ದಿ ಎತ್ತಿದ್ಯೋ, ನೋಡು! ಊರ ತುಂಬಾ ಡಂಗುರ ಹೊಡೀತೀಯಾ? ದಾಕ್ಷಾಯಿಣಿಗೆ ಸೂಜಿ ಹಿಡಿಯೋಕಾಗಲ್ಲ ಅಂತ ಸಾರ್ಕೊಂಡು ಬರ್ತೀಯಾ? ಕೈ ಅನ್ನೋ ಮಾತು ನಿನ್ನ ಬಾಯಿಂದ ಹೊರಗೆ ಬಂದ್ರೆ ನಿನ್ನ ಒಲೆ ನಿನಗೆ, ನನ್ನ ಒಲೆ ನನಗೆ. ನನ್ನಾಣೆ.'

ಆಣೆ ಇಟ್ಟ ಮೇಲೆ ಇನ್ನೇನು ಮಾಡುವುದು? ಕೈ ಅನ್ನದೆ, ಅಕ್ಕನ ಹೆಸರೆತ್ತದೆ, ನಾನು ಮನೆಮನೆಗೂ ಹೊರಟೆ. ಹಪ್ಪಳ ಒತ್ತುತ್ತ, ಬಾಣಂತಿಗೆ ನೀರು ಹಾಕುತ್ತ, ಜಗಳ ಬಿಡಿಸುತ್ತ ಒಂದೇ ಮಾತು. 'ನಡುಕದ ಗುಳಿಗೆ ನಾಲ್ಕು ಬೀಜ ಹಾಕಮ್ಮ. ಪುಣ್ಯ ಬರುತ್ತೆ.' ಎಲ್ಲರೂ ಕಣ್ಣರಳಿಸಿ ನನ್ನನ್ನೇ ನೋಡಿದರು. 'ಯಾಕೆ ಪಂಕಜಕ್ಕ, ಇದ್ದಕ್ಕಿದ್ದ ಹಾಗೆ ನಡುಕದ ಮೇಲೆ ಇಷ್ಟು ಪ್ರೀತಿ?' ಅಂದರು. 'ಕಾರಣ ಕೇಳಬೇಡಿ, ಹಾಕಿ' ಅಂದೆ. ನಾನು ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲವಾದ್ದರಿಂದ ಒಬ್ಬರೂ ಇಲ್ಲ ಅನ್ನಲಿಲ್ಲ. ಮೀನಿನ ಮಾತಿನಿಂದ ತೆಗೆದು ಹಾಕಿದರು, ಬಾಳೆ ಸೀಕಿನಿಂದ ತೆಗೆದು ಹಾಕಿದರು. 'ಹಾಕಿದೀವಿ ಪಂಕಜಕ್ಕ, ಎರಡು ಜಾಸ್ತಿಯೇ ಹಾಕಿದೀವಿ' ಅಂದರು. ಮಣೆ ಇಣುಕುವ ಹಾಗಿಲ್ಲ, ನಂಬಿದೆ. ನನ್ನ ಊರು ಎಷ್ಟು ಒಳ್ಳೆಯದು ಅಂತ ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡೆ.

ಎಲ್ಲಕ್ಕಿಂತ ಆಶ್ಚರ್ಯವಾದದ್ದು ಮೃತ್ಯುಂಜಯಪ್ಪನವರದು. ಮಿಲ್ಲಿಗೆ ಹೋದರೆ ನನ್ನ ಡಬ್ಬಿಯನ್ನು ಸಾಲು ತಪ್ಪಿಸಿ ಮುಂದೆ ಇಟ್ಟು ಬೀಸಿಕೊಟ್ಟರು. 'ನಿಮ್ಮನ್ನ ನಾನು ತಪ್ಪು ತಿಳಿದಿದ್ದೆ ತಾಯಿ. ಎಂಥಾ ದೊಡ್ಡ ಮನಸ್ಸು ನಿಮ್ದು. ನಡುಕಕ್ಕೋಸ್ಕರ ಇಷ್ಟು ಓಡಾಡ್ತಿದೀರಲ್ಲ' ಅಂತ ಗದ್ಗದರಾದರು. ಅಕ್ಕನ ವಿಷಯ ಇವರಿಗೆ ಹೇಗೋ ಗೊತ್ತಾಗಿದೆ, ಗೊತ್ತಿದ್ದೂ ಬಾಯಿಬಿಡದ ದೊಡ್ಡ ಮನುಷ್ಯರು ಅಂದುಕೊಂಡು ನಾನೂ ಕೈಮುಗಿದೆ. ಬಂದು ಅಕ್ಕನಿಗೆ ಹೇಳಿದರೆ ಅವಳು ಮೂಗು ಮುರಿದು, 'ಆ ಮನುಷ್ಯ ಸಾಲು ತಪ್ಪಿಸಿದ್ನಾ? ಏನೋ ಎಡವಟ್ಟಾಗಿದೆ' ಅಂದಳು. ನಮ್ಮ ಮಣೆಯಲ್ಲಿ ಬೀಜ ಚೂರು ಉಬ್ಬಿ ಹಾಗೇ ನಿಂತಿತ್ತು. ದೊಡ್ಡ ಕೆಲಸ, ನಿಧಾನವಾಗಿಯೇ ಆಗಬೇಕು ಅಂತ ಸಮಾಧಾನ ಮಾಡಿಕೊಂಡೆ.

ಹುಣಸೆಹಣ್ಣು ಒಣಗಿ ಮರದಲ್ಲೇ ಗಲಗಲ ಅನ್ನುತ್ತಿದ್ದ ದಿನಗಳು. ಒಂದು ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸುತ್ತಿದ್ದೆ, ನೀರಿನ ಜೊತೆ ಮಾತು ಹೊರಗೆ ಬಂತು. 'ಅದು ಸುಮ್ಮಸುಮ್ಮನೆ ನಡುಗುತ್ತಿಲ್ಲ. ಅದರ ಸುತ್ತ ಒಂದು ಸುತ್ತುತ್ತಿದೆ, ಅದಕ್ಕೇ ನಡುಗುತ್ತಿದೆ.' ಹಾಲಿನ ಚೌಡಪ್ಪ ಬಾಗಿಲಲ್ಲಿ ನಿಂತು ಹಾಲು ಅಂತ ಕೂಗುವ ಬದಲು ಅದನ್ನೇ ಕೂಗಿದ. ಯಜಮಾನರು ನಿದ್ದೆಯಲ್ಲೇ ಅದನ್ನು ಗೊಣಗಿದರು. ಉತ್ತರ ಬಂದುಬಿಟ್ಟಿತ್ತು!

ಕೈಯ ಸುತ್ತ ಸುತ್ತುವುದು ಏನು? ರಕ್ತವೇ? ವಾಯುವೇ? ಥಟ್ಟನೆ ಹೊಳೆಯಿತು. ಅಕ್ಕನ ಬಲಗೈಯಲ್ಲಿ ನಮ್ಮತ್ತೆ ಹಾಕಿದ ಬೆಳ್ಳಿ ಕಡಗ. ಅದು ಸಡಿಲವಾಗಿ, ಕೈ ಆಡಿಸಿದಾಗಲೆಲ್ಲ ಗಿರ್ರನೆ ಸುತ್ತುತ್ತಿತ್ತು. 'ಅಕ್ಕಾ, ಕಡಗ ತೆಗಿ! ಅದೇ ಕಣೇ ಕಾರಣ!' ಅಂತ ಓಡಿಹೋಗಿ ಅವಳ ಕೈಗೆ ಸೋಪು ಹಚ್ಚಿ ಎಳೆದೆ. 'ಅಯ್ಯೋ ಹುಚ್ಚಿ, ಗೆಣ್ಣು ಕಿತ್ತು ಬರುತ್ತೆ ಬಿಡೇ' ಅಂತ ಅವಳು ಕೂಗಿಕೊಂಡಳು. ಕಡಗ ಬಂತು. ಇಬ್ಬರೂ ಕೈಯನ್ನೇ ನೋಡಿದೆವು. ಸೋಪಿನ ನೊರೆಯ ಜೊತೆ ಅದು ಹಾಗೇ ನಡುಗುತ್ತಿತ್ತು. ಮಣೆಯ ಬಟ್ಟೆ ಸರಿಸಿದೆ. ಮೊಳಕೆಯ ಸುಳಿವೂ ಇಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲ. ಮೃತ್ಯುಂಜಯಪ್ಪನವರು ಒಂದು ಕೈಯಲ್ಲಿ ಬೂಂದಿಯ ತಟ್ಟೆ, ಇನ್ನೊಂದರಲ್ಲಿ ಹೊಸ ಶಾಲು ಹಿಡಿದು ನಮ್ಮ ಜಗಲಿ ಹತ್ತಿದರು. ಹಿಂದೆ ಅರ್ಧ ಊರು. ಹೆಂಗಸರು ಮೊಳೆತ ಬೀಜಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಬಂದಿದ್ದರು. ನಾನು ತುಟಿ ಬಿಚ್ಚುವ ಮೊದಲೇ ಶಾಲು ನನ್ನ ಹೆಗಲ ಮೇಲಿತ್ತು.

'ಈ ತಾಯಿಗೆ ಪುರುಸೊತ್ತಿಲ್ಲ ಅಂತ ನಾವೆಲ್ಲ ಆಡ್ಕೋತಿದ್ವಿ' ಅಂತ ಅವರು ಭಾಷಣ ಶುರುಮಾಡಿದರು. 'ಆದ್ರೆ ನಮ್ಮ ನಕ್ಷತ್ರಕ್ಕೋಸ್ಕರ ಮನೆಮನೆ ಅಲೆದೋರ್ಯಾರು? ಪಂಕಜಮ್ಮನೋರು. ಅದರ ಸುತ್ತ ಒಂದು ಭೂಮಿ ಸುತ್ತುತ್ತಾ ಇದೆ, ಅದರ ಸೆಳೆತಕ್ಕೆ ನಕ್ಷತ್ರ ನಡುಗ್ತಿದೆ ಅಂತ ಇವತ್ತು ಲೋಕಕ್ಕೇ ಗೊತ್ತಾಯ್ತು. ಯಾರಿಂದ? ನಡುಕದ ಗುಳಿಗೆ ಬಿದ್ದ ಬೀಜದಿಂದ.'

'ಯಾವ ನಡುಕದ ಗುಳಿ?' ಅಂದೆ.

'ಯಾವುದು ಅಂದ್ರೆ? ತಾರಾಕಂಪನ. ಕಂಪನ ಅಂದ್ರೆ ನಡುಕ ತಾನೆ? ಶುರುವಿಂದ ನಾನು ಎಲ್ಲರಿಗೂ ನಡುಕದ ಗುಳಿ ಅಂತಲೇ ಹೇಳಿಕೊಟ್ಟಿದ್ದು.'

ಅವರ ನಕ್ಷತ್ರಪಾಠ ನಿಂತು ಕೇಳಲು ನನಗೆಲ್ಲಿತ್ತು ಪುರುಸೊತ್ತು? ಕೆಳಸಾಲಿನ ಕೊನೆಯ ಗುಳಿಗೆ, ನನ್ನ ಹಸ್ತಕಂಪನಕ್ಕೆ, ನಮ್ಮೂರಿನಲ್ಲಿ ಹೆಸರೇ ಇರಲಿಲ್ಲ. ಹೆಸರಿಡುವ ಗೋಜಿಗೇ ಯಾರೂ ಹೋಗಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು. ಶಾಲು ಕಿತ್ತು ಕಂಬಕ್ಕೆ ಎಸೆದೆ. 'ನಿಮ್ಮ ನಕ್ಷತ್ರಕ್ಕೆ ಬೆಂಕಿ ಹಾಕ! ಕೈ ನಡುಕ ಕಣ್ರೀ, ಕೈ ನಡುಕ! ನಮ್ಮಕ್ಕನ ಕೈ! ಸೂಜಿ ಹಿಡಿಯೋಕಾಗ್ತಿಲ್ಲ, ಅನ್ನ ಕಲಸೋಕಾಗ್ತಿಲ್ಲ, ಚಿಟಿಕೆ ಹೊಡೆಯೋಕಾಗ್ತಿಲ್ಲ ಅಂತ ಒಳಗೆ ಕೂತು ಸಾಯ್ತಿದಾಳೆ, ನೀವು ಬೂಂದಿ ತಂದಿದೀರಾ?' ಅಂದುಬಿಟ್ಟೆ. ನನ್ನ ಕೈಯಲ್ಲಿ ಸೋಪಿನ ಕಡಗ ಇನ್ನೂ ಹಾಗೇ ಇತ್ತು. ಒಳಗೆ ನಡುಮನೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಮೃತ್ಯುಂಜಯಪ್ಪನವರು ತಟ್ಟೆಯನ್ನು ಕೆಳಗಿಟ್ಟರು. 'ಕೆಂಪು ಬಟ್ಟೆ ಕೊಟ್ಟು ಎಷ್ಟು ದಿನ ಆದ್ರೂ ಹೊಲೀಲಿಲ್ಲ, ಜಂಬ ಬಂದಿದೆ ಅಂದುಕೊಂಡಿದ್ದೆ' ಅಂದರು. 'ಆ ತಾಯಿಯ ಕುಂಚಿಗೇಲೇ ನನ್ನ ಮಗ ಬೆಳೆದದ್ದು.' ಅವರ ಮುಖ ನೋಡಲಾಗಲಿಲ್ಲ. ಮರ ಬಡಿಯಲು ಇನ್ನು ವಾರವೂ ಇಲ್ಲ ಅಂತ ಗುಂಪಿನಲ್ಲಿ ಯಾರೋ ಅಂದರು. ಹೆಂಗಸರು ಒಬ್ಬೊಬ್ಬರಾಗಿ ತಮ್ಮತಮ್ಮ ಮಣೆಯ ಕಡೆ ಓಡಿದರು. ಸಂಜೆಯೊಳಗೆ ಮೀನಿಗೂ ಬಾಳೆಗೂ ಒಂದು ಬೀಜ ಉಳಿಯಲಿಲ್ಲ. ಊರಿನಲ್ಲಿ ಉಳಿದ ಅಷ್ಟೂ ಬೀಜ ಕೆಳಸಾಲಿನ ಕೊನೆಯ ಗುಳಿಯಲ್ಲಿ.

ಬೀಜವೇನೋ ಬಿತ್ತು. ಆದರೆ ಯಾರಿಗೂ ಆಕಳಿಕೆ ಬರಲಿಲ್ಲ! ಬೇಗ ಬೇಗ ಸುಮ್ಮನೆ ಕೂರಬೇಕು ಅಂತ ಊರಿಗೆ ಊರೇ ಹಲ್ಲುಕಚ್ಚಿ ಕೂತಿತು. ಅಂಗಡಿ ಮುಚ್ಚಿದರು, ಮಕ್ಕಳ ಬಾಯಿ ಮುಚ್ಚಿದರು, ಚಾಪೆ ಹಾಸಿಕೊಂಡು ಜಂತೆ ಎಣಿಸಿದರು. 'ಬಂತಾ?' 'ಇಲ್ಲ, ನಿಮಗೆ?' 'ಬರೋ ಹಾಗಾಯ್ತು, ನೀವು ಕೇಳಿದ್ರಲ್ಲ, ಹೋಯ್ತು.' ಪುರುಸೊತ್ತನ್ನು ಹೊಡೆದು ಬಡಿದು ತರಿಸುವುದಕ್ಕಾಗುತ್ತದೆಯೇ? ನಮ್ಮ ಯಜಮಾನರಿಗೆ ಹುಟ್ಟಿದಾರಭ್ಯ ಮೊದಲ ಸಲ ನಿದ್ದೆ ಹಾರಿಹೋಯಿತು. ಅತ್ತಿಗೆಯ ಕೈ ನೆನೆದುಕೊಂಡು ಜಗಲಿಯ ಮೇಲೆ ಅತ್ತಿಂದಿತ್ತ ತಿರುಗಾಡಿದರು. ಅವರು ಎದ್ದು ನಡೆಯುವುದನ್ನು ನೋಡಲು ಪಕ್ಕದ ಬೀದಿಯಿಂದ ಜನ ಬಂದರು.

ಗುಟ್ಟು ಗೊತ್ತಾದದ್ದು ಚೌಡಪ್ಪನಿಂದ. 'ಮಿಲ್ಲು ನಿಂತೋಗಿದೆಯಲ್ಲಮ್ಮ, ಅದರ ಸದ್ದಿಲ್ಲದೆ ನಿದ್ದೆ ಹೆಂಗ್ ಬರುತ್ತೆ?' ಅಂದ. ನಿಜ. ಮಧ್ಯಾಹ್ನವೆಲ್ಲ ಪುಕುಪುಕು ಅನ್ನುವ ಆ ಮಿಲ್ಲಿನ ಸದ್ದೇ ನಮ್ಮೂರಿನ ಜೋಗುಳ. ಜನ ಮಲಗಲಿ ಅಂತ ಮೃತ್ಯುಂಜಯಪ್ಪನವರು ಅದನ್ನೇ ನಿಲ್ಲಿಸಿ ಕೂತಿದ್ದರು. ವಿಷಯ ತಿಳಿದದ್ದೇ ಓಡಿಹೋಗಿ, ಕಾಳಿಲ್ಲದೆ, ಹಿಟ್ಟಿಲ್ಲದೆ, ಬರಿದೇ ಮಿಲ್ಲು ಓಡಿಸಿದರು. ಕಲ್ಲು ಸವೆಯುತ್ತದೆ ಅಂತ ಮಗ ತಡೆದರೆ, 'ಸವೆದ್ರೆ ಸವೀಲಿ ಬಿಡೋ' ಅಂದರಂತೆ. ನಮ್ಮ ಯಜಮಾನರ ಕಣ್ಣು ಎಳೆಯಿತು. ಆಮೇಲೆ ಎದುರು ಮನೆ, ಅದರ ಪಕ್ಕದ ಮನೆ. ಬೀದಿಯುದ್ದಕ್ಕೂ ಚಿಟಿಕೆಯೋ ಚಿಟಿಕೆ. ನಮ್ಮ ಮಣೆಯಲ್ಲಿ ಬೀಜಗಳು ದಿನದಿನಕ್ಕೆ ಉಬ್ಬತೊಡಗಿದವು. ಮರ ಬಡಿಯುವ ದಿನ ಬೆಳಗ್ಗೆ ನೋಡಿದರೆ ಸಿಪ್ಪೆ ಬಿರಿಯುವ ಹಾಗೆ ಬಿಗಿದುಕೊಂಡಿದ್ದವು, ಆದರೆ ಬಿರಿದಿರಲಿಲ್ಲ.

ಇಷ್ಟೂ ದಿನ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ಆಣೆ ಮುರಿದವಳ ಜೊತೆ ಏನು ಮಾತು? ತಟ್ಟೆ ಇಟ್ಟರೆ ಉಣ್ಣುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ. ನಾನು ಅವಳ ಸುತ್ತ ಸುಳಿದಾಡಿದೆ. ದಿಂಬು ಸರಿಮಾಡಿದೆ, ನೀರು ತಂದಿಟ್ಟೆ, ಚಾಮರ ಬೀಸುವುದೊಂದು ಬಾಕಿ.

ಆ ಮಧ್ಯಾಹ್ನ ಗಂಡಸರು ಬಿದಿರಿನ ಗಳ ಹೊತ್ತು ಕೆರೆ ಏರಿಗೆ ಹೋದರು. ನೆರಳು ತಿರುಗಿದ ಕೂಡಲೇ ಬಡಿಯುವುದು ಪದ್ಧತಿ. ಅದನ್ನು ತಪ್ಪಿಸುವ ಹಾಗಿಲ್ಲ. ಮಿಲ್ಲಿನ ಸದ್ದೂ ನಿಂತಿತು, ಕಲ್ಲು ಕೈಕೊಟ್ಟಿತ್ತು. ಯಜಮಾನರು ಜಗಲಿಯಲ್ಲಿ ಗೊರಕೆ. ಆದರೆ ಆಕಳಿಕೆ ನಿಂತು ಎಷ್ಟೋ ಹೊತ್ತಾಗಿತ್ತು. ನಾನು ಬಟ್ಟೆ ಎತ್ತಿ ನೋಡಿ, ಬೀದಿಗೆ ಓಡಿ, 'ಯಾರಿಗಾದ್ರೂ ಬಂತೇನ್ರೇ?' ಅಂತ ಕೂಗಿ, ಮತ್ತೆ ಒಳಗೆ ಬಂದು ಬಟ್ಟೆ ಎತ್ತಿ ನೋಡಿ, ಅಕ್ಕನ ದಿಂಬು ತಟ್ಟಿ, ಮತ್ತೆ ಬೀದಿಗೆ.

'ಪಂಕಜೀ.'

ನಾನು ಹೊಸಿಲಲ್ಲೇ ನಿಂತೆ.

'ಆ ನಕ್ಷತ್ರ ಯಾಕೆ ನಡುಗುತ್ತೆ ಅಂದ್ರು?' ಅಕ್ಕ ಕೇಳಿದಳು.

'ಅದರ ಸುತ್ತ ಇನ್ನೊಂದು ಸುತ್ತುತ್ತಂತೆ. ಈಗ ಅದು ಯಾಕಕ್ಕ? ಮರ ಬಡಿಯೋ ಹೊತ್ತಾಯ್ತು...'

'ಹಾಗಾದ್ರೆ ನನ್ನ ನಡುಕಕ್ಕೂ ಕಾರಣ ಸಿಕ್ತು ಬಿಡು. ಬೆಳಗಿಂದ ಬೈಗಿನ ತನಕ ನೀನು ನನ್ನ ಸುತ್ತ ಗಿರಗಿರ ಸುತ್ತುತೀಯಲ್ಲ. ನಾನು ನಡುಗದೆ ಇನ್ನೇನು ಮಾಡ್ಲಿ?' ಅಂದಳು. ತುಟಿಯ ಕೊನೆಯಲ್ಲಿ ನಗು ಇತ್ತು. ನನಗೆ ನಗು ಬರುವ ಬದಲು ಅಳು ಬಂತು. 'ಅಳಬೇಡ್ವೇ. ಡಂಗುರ ಹೊಡೆದದ್ದೂ ಆಯ್ತು, ನನ್ನ ಮಾನ ಹೋದದ್ದೂ ಆಯ್ತು. ಹೋದ ಮೇಲೆ ಹಗುರಾಗಿದೆ ನೋಡು. ಮುಗಿದರೆ ಮುಗೀತು, ಇಲ್ದಿದ್ರೆ ಕೆರೆಗೆ ಹೋಯ್ತು. ಬಾ, ಒಂದು ಗಳಿಗೆ ನನ್ನ ಪಕ್ಕದಲ್ಲಿ ಕೂತ್ಕೋ. ಈ ಮನೆಗೆ ಬಂದಾಗಿನಿಂದ ನೀನು ನನ್ನ ಪಕ್ಕ ಕೂತದ್ದೇ ನಾನು ಕಾಣೆ.'

ಕೂತೆ. ನೆಲ ಕಚ್ಚಲಿಲ್ಲ. ಅವಳು ಕಾಲು ಚಾಚಿದಳು, ನಾನೂ ಚಾಚಿದೆ. ನಮ್ಮ ನಾಲ್ಕೂ ಪಾದ ಸಾಲಾಗಿ ಕಾಣುತ್ತಿದ್ದವು. ಅವಳ ಹೆಬ್ಬೆರಳು ನನ್ನದಕ್ಕಿಂತ ಗಿಡ್ಡ ಅನ್ನುವುದನ್ನು ನಾನು ನೋಡಿಯೇ ಇರಲಿಲ್ಲ. ಗವಾಕ್ಷಿಯ ಬಿಸಿಲು ಗೋಡೆಯ ಮೇಲೆ ನಿಂತಿತ್ತು. ಅಕ್ಕ, ತಾನು ಹೊಸದಾಗಿ ಮದುವೆಯಾಗಿ ಬಂದಾಗ ಸಾರಿಗೆ ಉಪ್ಪಿನ ಬದಲು ಸೋಡಾ ಹಾಕಿದ್ದನ್ನು ಹೇಳುತ್ತಿದ್ದಳು. ಆ ಕಥೆ ನನಗೆ ಬಾಯಿಪಾಠ. ಸಾರು ಉಕ್ಕಿತು, ಅತ್ತೆ ಬಂದರು, ಮಾವ ಬಂದರು... ನನ್ನ ಬೆನ್ನು ಗೋಡೆಗೆ ತಾಗಿತು. ಕಣ್ಣು ತೆರೆದೇ ಇತ್ತು, ಏನನ್ನೂ ನೋಡುತ್ತಿರಲಿಲ್ಲ.

ಆಮೇಲೆ ಕಿವಿಯ ಹಿಂದೆ ಏನೋ ಸರಿಯಿತು. ದವಡೆ ತಾನಾಗಿ ಇಳಿಯಿತು, ಎದೆ ಉಬ್ಬಿತು, ಕಣ್ಣಲ್ಲಿ ನೀರು ತುಂಬಿತು. ನನ್ನ ಬಾಯಿ ಹೆಬ್ಬಾಗಿಲಿನ ಹಾಗೆ ತೆರೆದುಕೊಂಡಿತು. ಅಯ್ಯೋ ದೇವರೇ, ನಾನು ಆಕಳಿಸುತ್ತಿದ್ದೆ!

ಅಕ್ಕ ಗಾಬರಿಯಾಗಿ ಬಾಗಿಲ ಕಡೆ ನೋಡಿದಳು. ಮನೆಯಲ್ಲಿ ಯಾರಿದ್ದರು? ಯಜಮಾನರು ಗೊರಕೆ ಹೊಡೆಯುತ್ತಿದ್ದರು, ಉಳಿದವರೆಲ್ಲ ಮರದ ಹತ್ತಿರ. 'ಹಾಲು ಉಕ್ಕುತ್ತೆ' ಅಂತ ಅವಳ ಬಾಯಿಗೆ ಬಂದಿರಬೇಕು, ಏಳಲು ನೆಲಕ್ಕೆ ಕೈಯೂರಿದಳು. ನಾನು ತೆರೆದ ಬಾಯಲ್ಲೇ ಅವಳ ಸೆರಗು ಹಿಡಿದುಕೊಂಡೆ. ಮಾತಾಡುವ ಹಾಗಿರಲಿಲ್ಲ. ಬಾಯಿ ಮುಚ್ಚಿದರೆ ಮುಗಿದುಹೋಯಿತು.

ಅವಳು ಮತ್ತೆ ಕೂತಳು. ನಡುಗುವ ಬಲಗೈ ಎತ್ತಿ ನನ್ನ ಬಾಯಿಯ ಮುಂದೆ ತಂದಳು. ಬೆರಳು ಬೆರಳನ್ನು ಮುಟ್ಟಿತು, ಜಾರಿತು. ಸದ್ದಿಲ್ಲ. ಮತ್ತೆ ಮುಟ್ಟಿತು, ಮತ್ತೆ ಜಾರಿತು. ನನ್ನ ದವಡೆ ನೋಯುತ್ತಿತ್ತು. ಆಕಳಿಕೆಯ ಕೊನೆ ಬರುತ್ತಿತ್ತು. 'ತಾಳೇ, ತಾಳೇ ಪಂಕಜಿ' ಅಂತ ಅವಳು ಬೆವರಿದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಡಗ ತೆಗೆದ ಜಾಗದಲ್ಲಿ ಬಿಳೀ ಗುರುತು. ಎರಡು ಕೈಯೂ ಸೇರಿ ನಡುಗಿದವು. ಹೆಬ್ಬೆರಳು ನಡುಬೆರಳನ್ನು ಒತ್ತಿತು.

ಟಿಕ್.

ಒಂದು ಬಟಾಣಿ ಸಿಡಿದಷ್ಟು ಸದ್ದು.

'ಮುಗೀತಾ?' ಅಕ್ಕ ಕೇಳಿದಳು. ಅವಳು ಈ ಮಾತು ಕೇಳಿ ಎಷ್ಟು ದಿನವಾಗಿತ್ತೋ.

'ಮುಗೀತಕ್ಕಾ' ಅಂದೆ.

ಕೆರೆ ಏರಿಯ ಕಡೆಯಿಂದ ಗಳದ ಮೊದಲ ಏಟು ಕೇಳಿಸಿತು, ಅದರ ಹಿಂದೆಯೇ ಹುಣಸೆಹಣ್ಣು ದಬದಬ ಉದುರಿದವು. ನಾವಿಬ್ಬರೂ ಮೂಲೆಯ ಕಡೆ ತಿರುಗಿದೆವು. ಮಣೆಯ ಮೇಲಿನ ಬಟ್ಟೆ, ಕೆಳಸಾಲಿನ ಕೊನೆಯ ಗುಳಿಯ ಹತ್ತಿರ, ಒಳಗಿಂದ ಯಾರೋ ತಲೆ ಎತ್ತಿದ ಹಾಗೆ ಮೆಲ್ಲಗೆ ಮೇಲೇಳುತ್ತಿತ್ತು. ನಾನು ಎದ್ದು ಓಡಲು ಹೊರಟೆ. ಅಕ್ಕ ಆ ನಡುಗುವ ಕೈಯಿಂದಲೇ ನನ್ನ ಮೊಣಕಾಲು ಒತ್ತಿ, 'ಕೂತ್ಕೊಳ್ಳೇ, ಅದೆಲ್ಲಿಗೂ ಹೋಗಲ್ಲ. ಸಾರಿನ ಕಥೆ ಇನ್ನೂ ಬಾಕಿ ಇದೆ' ಅಂದಳು. ನಾನು ಕೂತೇ ಇದ್ದೆ.